ಒಡೆದುಹೋದ ವಾಲ್ವ್

ಮಹಾಯುದ್ಧ ಕಾಲದ ವೈರ್‌ಲೆಸ್ ಸೆಟ್ಟುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಯುವಕ, ಸೇನೆಯಲ್ಲಿ ಅಂಥ ಸೆಟ್ಟು ನಡೆಸಿದ್ದ ನಿವೃತ್ತ ಸುಬೇದಾರರ ಮನೆಗೆ ಬಂದಿದ್ದ. ಅವನು ರಿಪೇರಿ ಮಾಡುತ್ತಿದ್ದ ಸೆಟ್ಟಿಗೆ ಬಲ್ಬಿನಂಥ ಒಂದೇ ಒಂದು ಗಾಜಿನ ವಾಲ್ವ್ ಬೇಕಿತ್ತು. ಅದಿಲ್ಲದೆ ಅದು ಬರೀ ಕಬ್ಬಿಣದ ಪೆಟ್ಟಿಗೆ.

“ವಾಲ್ವ್ ಕೆಂಪಗೆ ಕಾದು ಸೆಟ್ಟು ಗುಂಯ್ ಅನ್ನೋವರೆಗೂ ನಾವು ಉಸಿರು ಬಿಗಿಹಿಡಿದು ಕೂತಿರ್ತಿದ್ವಿ,” ಎಂದರು ಸುಬೇದಾರರು.

“ಒಂದಾದ್ರೂ ಉಳಿದಿದ್ಯಾ ಸಾರ್?”

“ಎಲ್ಲಿ ಬಂತು! ಗಾಜು ನೋಡಿ, ಎಲ್ಲಾ ಒಡೆದುಹೋದ್ವು,” ಎನ್ನುತ್ತ ಅವರು ಕುರ್ಚಿಯ ಕೈಯನ್ನು ಬೆರಳಿನಿಂದ ಟಕಟಕ ಬಡಿದರು.

ಅಡುಗೆಮನೆಯಲ್ಲಿ ಅವರ ಹೆಂಡತಿ ಪಾತ್ರೆಯ ಅಂಚಿಗೆ ಸೌಟು ಕುಟ್ಟುವುದು ತಡೆತಡೆದು ಕೇಳಿಸಿತು. ಸುಬೇದಾರರು ನಿರಾಳವಾಗಿ ಕಾಲು ಚಾಚಿದರು.

“ಪಾಪ, ಅಷ್ಟು ದೂರದಿಂದ ಬಂದಿದೀರಿ,” ಕಾಫಿ ತಂದ ಅಜ್ಜಿ ಮರುಗಿದರು. “ಇದ್ದಿದ್ರೆ ಕೊಡ್ತಿರ್ಲಿಲ್ವಾ?”

“ಸಂದೇಶ ಕಳಿಸೋದನ್ನ ಇವರು ಮನೇಲೂ ಅಭ್ಯಾಸ ಮಾಡ್ತಿದ್ರಾ ಅಜ್ಜಿ?”

“ಅಯ್ಯೋ, ಕ್ವಾರ್ಟರ್ಸ್‌ನಲ್ಲಿ ಹಗಲೂ ರಾತ್ರಿ ಅದೇ ಟಕಟಕ. ಕೇಳಿ ಕೇಳಿ ಸಾಕಾಗಿಹೋಗಿತ್ತು.”

ಯುವಕ ಕಾಫಿ ಮುಗಿಸಿದ. ಖಾಲಿ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ, ಬೆರಳಿನಿಂದ ಅದರ ಮೇಲೆ ಬಡಿಯತೊಡಗಿದ. ಸುಬೇದಾರರ ಕಾಲು ತಟ್ಟನೆ ಹಿಂದೆ ಸರಿಯಿತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು.

ಅವನು ತಪ್ಪಿಲ್ಲದ ಮೋರ್ಸ್ ಸಂಕೇತದಲ್ಲಿ ಕೇಳಿದ್ದ: “ಅಜ್ಜಿ, ಅಕ್ಕಿ ಡಬ್ಬದಲ್ಲಿ ಭದ್ರವಾಗಿದೆ ಅಂದ್ರಲ್ಲ, ಒಂದ್ಸಲ ನೋಡ್ಲಾ?”