ಮೀನಿಗೆ ನೆರಳು

ಮಲಕಾಜಪ್ಪ ಅಲ್ಲಿಯವರೆಗೆ ಜೀವಂತ ಮೀನನ್ನು ನೋಡಿರಲಿಲ್ಲ. ಆದರೂ ಅಕ್ಕಲಕೋಟದ ಆಚೆ ಗುಡ್ಡದ ಮೇಲಿನ ಕೆರೆಯಲ್ಲಿದ್ದ ಮೀನೆಲ್ಲ ಆ ವರ್ಷ ಅವನವೇ. ಅವುಗಳಿಗಾಗಿ ಈಗ ಹೆಗಲ ಮೇಲೆ ಕೆಂಪು ಬಟ್ಟೆಯ ಒಂದು ಥಾನು ಹೊತ್ತು, ಜಾಲಿಮುಳ್ಳಿನಿಂದ ಧೋತರ ಬಿಡಿಸಿಕೊಳ್ಳುತ್ತ ಗುಡ್ಡ ಏರುತ್ತಿದ್ದ. ಇನ್ನೊಂದು ಥಾನು ಕಲ್ಲಣ್ಣನ ತಲೆಯ ಮೇಲಿತ್ತು. ಕಲ್ಲಣ್ಣನ ಹೊಲ ಗುಡ್ಡದ ಬುಡದಲ್ಲಿತ್ತು. ನವಿ ಪೇಠದ ಬೀದಿಯಲ್ಲಿದ್ದ ಮಲಕಾಜಪ್ಪನ ಬಟ್ಟೆ ಅಂಗಡಿಗೆ ಅವನು ಹಳೆಯ ಗಿರಾಕಿ.

"ದಾರಿ ಇಷ್ಟ ಚೊಲೊ ಐತಿ. ಈ ಮುಳ್ಳಾಗ ಯಾಕ ಹೊಂಟೀವಿ ಸಾವಕಾರ್ರ?"

"ದಾರಿ ಭೀಮಣ್ಣನ ಓಣಿ ಮುಂದಿಂದ ಹೋಗ್ತದ. ಹೆಂಗಸರು ಬಾಯಿ ಮಾಡ್ತಾರ."

"ವರ್ಷಾತು ಅವರು ಮೀನ ಹಿಡಿಯೂ ಬಲಿ ನೀರಿಗಿ ಹಾಕಿ. ಬಾಯಿ ಮಾಡ್ಲಾರ್ದ ಆರತಿ ಮಾಡ್ತಾರೇನ್ರಿ?"

ಹಿಂದಿನ ದೀಪಾವಳಿಗೆ ಮಲಕಾಜಪ್ಪನ ತಾಯಿ ಶಾರದಾಬಾಯಿ ದೊಡ್ಡ ಜಡ್ಡಿನಿಂದ ಬದುಕಿ ಎದ್ದಿದ್ದಳು. ಒಂದು ವರ್ಷ ಒಂದು ಕೆರೆಯ ಮೀನಿಗೆ ಜೀವದಾನ ಎಂದು ಹರಕೆ, ಅಲ್ಲಿಯ ಮಾತಿನಲ್ಲಿ ನವಸ, ಹೊತ್ತಳು. ಮಗ ಈ ಕೆರೆಯ ಗುತ್ತಿಗೆ ಹಿಡಿದು ಬಲೆ ನಿಲ್ಲಿಸಿದ. ವರ್ಷ ಮುಗಿದ ಮೇಲೆ ಮೀನೆಲ್ಲ, ಅದನ್ನೇ ಹಿಡಿದು ಬದುಕುತ್ತಿದ್ದ ಭೀಮಣ್ಣನ ಓಣಿಯವರಿಗೆ ಎಂದು ಮಾತಾಗಿತ್ತು. ಆ ವರ್ಷ, ಎಂದರೆ ಎಪ್ಪತ್ತೆರಡರಲ್ಲಿ, ಮಳೆಯೇ ಬರಲಿಲ್ಲ. ಕೆರೆ ಬತ್ತುತ್ತಿದೆ ಎಂದು ಯಾರೋ ಮುದುಕಿಯ ಕಿವಿಗೆ ಹಾಕಿದರು. ಮೀನು ಸುಖವಾಗಿವೆ ಎಂಬ ಸುದ್ದಿ ಬರುವತನಕ ಅನ್ನ ಮುಟ್ಟುವುದಿಲ್ಲ ಎಂದು ಅವಳು ಕೂತು ಎರಡು ದಿನವಾಗಿತ್ತು.

ಕೆರೆ ಈಗ ಒಂದು ದೊಡ್ಡ ಪಡಸಾಲೆಯಷ್ಟಿತ್ತು. ಸುತ್ತ ಬಿರಿದ ಕೆಸರು. ನೀರು ಮೊಣಕಾಲುದ್ದ, ಅದರಲ್ಲಿ ನೀರಿಗಿಂತ ಮೀನೇ ಹೆಚ್ಚು. ದಂಡೆಯ ಮೇಲೆ ಭೀಮಣ್ಣ ಕೂತು, ಬೆಳ್ಳಕ್ಕಿಗಳನ್ನು ಓಡಿಸಲು ಎಣ್ಣೆ ಡಬ್ಬಿ ಬಡಿಯುತ್ತಿದ್ದ.

"ಒಂದೂ ಹಿಡದಿಲ್ಲಲ್ಲೋ?"

"ಮುಟ್ಟಿಲ್ರಿ ಯಪ್ಪಾ. ಕಾಯಾಕತ್ತೀನಿ. ನವಸ ಮುಗ್ಯಾಕ ಇನ್ನ ಎಂಟ ದಿನಾ ಅದಾವ. ಈ ನೀರ ಮೂರ ದಿನದ್ದೈತಿ. ಇವತ್ತ ಬಲಿ ಹಾಕು ಅನ್ರಿ. ಓಣ್ಯಾಗ ಮಂದಿ ಹಸದ ಕುಂತಾರ."

"ಇವತ್ತ ಹೂಂ ಅಂದ್ರ ನಮ್ಮವ್ವ ನಾಳಿಗಿ ಇರೂದಿಲ್ಲೋ."

"ಹಂಗಾರ ಐದ ದಿನದ ನೀರ ಎಲ್ಲಿಂದ ತರ್ತೀರಿ?"

ಮಲಕಾಜಪ್ಪ ಥಾನು ಇಳಿಸಿದ. ಬೇಸಿಗೆಯಲ್ಲಿ ನವಿ ಪೇಠದ ಅಂಗಡಿಕಾರರು ಬೀದಿಗೆ ಅಡ್ಡಲಾಗಿ ಬಟ್ಟೆ ಕಟ್ಟಿ ಅದರ ಮೇಲೆ ನೀರು ಚಿಮುಕಿಸುತ್ತಿದ್ದರು. ಕೆಳಗೆ ಗಿರಾಕಿಗಳು ತಂಪಾಗಿ ನಿಂತು ಚೌಕಾಸಿ ಮಾಡುತ್ತಿದ್ದರು. ಗಿರಾಕಿಗೆ ಆದದ್ದು ಮೀನಿಗೂ ಆದೀತು ಎಂದು ಅವನ ಲೆಕ್ಕ.

ಮೂವರೂ ಜಾಲಿಯ ಗೂಟ ಕಡಿದು ನೆಟ್ಟರು. ಎರಡು ಥಾನು ಬಿಚ್ಚಿ ಕಟ್ಟುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದ. ಬೋಳು ಗುಡ್ಡದ ನೆತ್ತಿಯ ಮೇಲೆ ಕೆಂಪು ಚಪ್ಪರ ಎದ್ದಿತು.

"ಹಂದರ ಆತು," ಎಂದ ಕಲ್ಲಣ್ಣ. "ಇನ್ನ ಬೀಗರು ಯಾವಾಗ ಬರ್ತಾರ್ರಿ?"

"ಬಾಯಿ ಮುಚ್ಚು. ಮ್ಯಾಲ ನೀರ ಹೊಡಿ."

ಭೀಮಣ್ಣ ಡಬ್ಬಿ ಹಿಡಿದು ನಿಂತ. "ಇರೂದ ಇಷ್ಟ ನೀರ. ಅದನ್ನೂ ಅರಿವಿಗಿ ಹೊಡಿಯೂದೇನ್ರಿ?"

"ಎಲ್ಲಿ ಹೋಗ್ತದೋ? ಸೋರಿ ಮತ್ತ ಕೆಳಗ ಬೀಳ್ತದ. ಏನೂ ನುಕ್ಸಾನ ಇಲ್ಲ."

ಇಬ್ಬರೂ ನೀರಿಗಿಳಿದರು. ಡಬ್ಬಿಯ ಮೇಲೆ ಡಬ್ಬಿ ಮೊಗೆದು ಎರಚಿದರು. ಚಪ್ಪರ ತೊಯ್ದು ಭಾರವಾಗಿ ನಡುವೆ ಜೋತುಬಿತ್ತು. ಅಲ್ಲಿಂದ ನೀರು ಧಾರೆಯಾಗಿ ಕೆರೆಗೆ ಇಳಿಯತೊಡಗಿತು. ಮಲಕಾಜಪ್ಪನಿಗೆ ಎರಡು ದಿನದಲ್ಲಿ ಮೊದಲ ಸಲ ಹಸಿವಾಯಿತು. ಇಳಿಜಾರಿನ ಒಂಟಿ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ಭೀಮಣ್ಣ ತನ್ನ ಪಾಲಿನ ರೊಟ್ಟಿಯನ್ನು ಮುರಿಯದೆ ಮಡಚಿ ಟವೆಲಿನಲ್ಲಿ ಕಟ್ಟಿಕೊಂಡ. ಮತ್ತೆ ಡಬ್ಬಿ ಹಿಡಿದು ಕೆರೆಯ ಕಡೆ ಹೋದ.

ಅಲ್ಲಿಂದಲೇ ಕೂಗಿದ: "ಸಾವಕಾರ್ರ, ಈ ಅರಿವಿ ಪಕ್ಕಾ ರಂಗೇನ್ರಿ?"

"ಏಕದಂ ಪಕ್ಕಾ," ಎಂದ ಮಲಕಾಜಪ್ಪ, ತುತ್ತು ಬಾಯಲ್ಲಿ ಇಟ್ಟುಕೊಂಡೇ. ಇಪ್ಪತ್ತು ವರ್ಷದಿಂದ ದಿನಾ ಹೇಳುವ ಮಾತು. "ಅರಿವಿ ಹರೀಬೇಕು, ರಂಗ ಬಿಡೂದಿಲ್ಲ."

"ಹಂಗಾರ ಬಂದ ನೋಡ್ರಿ."

ಕೆರೆ ಕುಂಕುಮ ಕದಡಿದಂತೆ ಕೆಂಪಾಗಿತ್ತು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಅಂಗಾತವಾಯಿತು. ಅದರ ಪಕ್ಕದ್ದೂ ಆಯಿತು. ಭೀಮಣ್ಣ ನೀರಿಗೆ ಹಾರಿ ಎರಡೂ ಕೈಯಿಂದ ಬಾಚಿ ಡಬ್ಬಿಗೆ ಹಾಕಲು ಹೊರಟ.

"ಹಿಡೀಬ್ಯಾಡೋ!" ಮಲಕಾಜಪ್ಪ ಚೀರಿದ. "ನಿನ್ನ ಕೈಯಾಗ ಸತ್ರ ನವಸ ಮುರೀತದ!"

ಭೀಮಣ್ಣನ ಕೈ ನೀರಲ್ಲೇ ನಿಂತವು. ಬೆರಳಿನ ಸಂದಿಯಿಂದ ಮೀನು ಜಾರಿ ಹೋದವು. ಅವನು ಹಾಗೆಯೇ ಬಗ್ಗಿ ನಿಂತಿದ್ದ, ಮೀನು ಮೈಗೆ ಬಡಿಯುವುದು ಪೂರ್ತಿ ನಿಲ್ಲುವವರೆಗೆ.

ಆಮೇಲೆ ಒಂದನ್ನು ಎತ್ತಿ ಮೂಸಿದ. ನಾಲಿಗೆಗೆ ತಾಗಿಸಿ ಉಗುಳಿದ. "ತಿನ್ನಾಕ ಬರಂಗಿಲ್ಲ. ರಂಗ ಕುಡದಾವ."

ಕಲ್ಲಣ್ಣ ಮೆಲ್ಲಗೆ ಕೇಳಿದ: "ಅವ್ವಾರಿಗಿ ಏನ ಹೇಳ್ತೀರಿ?"

"ಯಾರೂ ಹಿಡೀಲಿಲ್ಲ ಅಂತ. ಯಾರೂ ಕೊಲ್ಲಲಿಲ್ಲ ಅಂತ." ಮಲಕಾಜಪ್ಪ ಥಾನಿನ ಗಂಟು ಬಿಚ್ಚುತ್ತಿದ್ದ. "ಖರೇನ ಅದ ಅಲ್ಲ? ಊಟ ಮಾಡ್ತಾಳ ಬಿಡು."

ಭೀಮಣ್ಣ ಇವರ ಮಾತು ಕೇಳಿಸಿಕೊಳ್ಳಲಿಲ್ಲ. ಒಂದೊಂದೇ ಮೀನನ್ನು ತಂದು ಬಿರಿದ ಕೆಸರಿನ ಮೇಲೆ ಸಾಲಾಗಿ ಇಡುತ್ತಿದ್ದ.

"ಏನ ಮಾಡಾಕತ್ತೀಯೋ?" ಎಂದ ಕಲ್ಲಣ್ಣ.

"ಓಣ್ಯಾಗ ಕೇಳ್ತಾರ. ನಮ್ಮವು ಎಷ್ಟಿದ್ವು ಅಂತ."

ಹೊತ್ತು ಮುಳುಗುವಾಗ ಕೊನೆಯದನ್ನು ಇಟ್ಟ. ಆರುನೂರ ಹದಿನೇಳು.