ಎಡಕ್ಕೆ ಹೊಸೆದ ವೈರು

ಹಳೆಯ ಬೈಕು ತಳ್ಳಿಕೊಂಡು ಬಂದ ಹಿರಿಯರು, ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದರು. ಮೆಕ್ಯಾನಿಕ್ ಸೀಟು ಕಳಚಿ ವೈರಿನ ಜಾಡು ಹಿಡಿದು ಹೋದ. ಟ್ಯಾಂಕಿನ ಕೆಳಗೆ ಒಂದು ವೈರು ತುಂಡಾಗಿತ್ತು.

“ತಾನಾಗಿ ಹೋಗಿದ್ದಲ್ಲ ಸಾರ್ ಇದು. ಯಾರೋ ಬ್ಲೇಡಲ್ಲಿ ಕೊಯ್ದಿದ್ದಾರೆ.”

“ಇರಬಹುದು. ನೀವು ಜೋಡಿಸಿ.”

ಅವನು ಎಡಚ. ತಾಮ್ರದ ಎಳೆಗಳನ್ನು ಎಡಕ್ಕೆ ಹೊಸೆದು, ಟೇಪಿನ ಬದಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಹಿರಿಯರು ಬಗ್ಗಿ ಅವನ ಬೆರಳುಗಳನ್ನೇ ನೋಡುತ್ತಿದ್ದರು.

“ಬೆಸುಗೆ ಹಾಕಲ್ವಾ?”

“ಬೇಕಾಗಿಲ್ಲ ಸಾರ್. ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದೀನಿ. ಒಂದೂ ವಾಪಸ್ ಬಂದಿಲ್ಲ.”

“ಹೀಗೆ ಸುತ್ತೋರು ಬೇರೆ ಯಾರಾದ್ರೂ ಇದ್ದಾರಾ?”

“ಯಾರೂ ಇಲ್ಲ. ನೋಡಿದ ತಕ್ಷಣ ನನ್ನ ಕೈ ಅಂತ ಗೊತ್ತಾಗುತ್ತೆ.”

ಹಿರಿಯರು ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಸೀಟಿನ ಮೇಲೆ ಬಿಚ್ಚಿದರು. ಒಳಗೆ ಗೇಣುದ್ದದ ವೈರು. ಎಳೆಗಳನ್ನು ಎಡಕ್ಕೆ ಹೊಸೆಯಲಾಗಿತ್ತು. ಸಡಿಲಾದ ಟ್ಯೂಬಿನ ಪಟ್ಟಿ ಇನ್ನೂ ಅಂಟಿಕೊಂಡಿತ್ತು.

“ಘಾಟಿಯಲ್ಲಿ ಲೈಟು ಆರಿ ನನ್ನ ಮಗ ಕಂದಕಕ್ಕೆ ಬಿದ್ದ. ಅವನ ಗಾಡಿಯಲ್ಲಿ ಸಿಕ್ಕಿದ್ದು ಇದು. ಇವತ್ತಿಗೆ ಹನ್ನೊಂದು ಗ್ಯಾರೇಜಾಯ್ತು. ಪ್ರತಿ ಸಲವೂ ವೈರು ಕೊಯ್ದಿದ್ದು ನಾನೇ.”