ಹನ್ನೊಂದು ಹತ್ತರ ಮೇಲ್

ಮೂರನೆಯ ಸಲವೂ ಫ್ಯಾನ್ ನಿಂತಾಗ ಸ್ವಾಮಿ ಅಂಗಡಿಯವನನ್ನು ಬೈಯುವುದು ಬಿಟ್ಟು ತನ್ನ ಮನೆಯ ಬಾಗಿಲನ್ನೇ ಅನುಮಾನಿಸತೊಡಗಿದ.

ಬಿಡಿಭಾಗ ತಂದು, ರೇಷ್ಮೆ ಹುಳ ಸಾಕುವ ಕೋಣೆಯ ಮೂಲೆಯಲ್ಲಿ ತಾನೇ ಜೋಡಿಸಿದ ಕಂಪ್ಯೂಟರ್. ಅದರಲ್ಲಿ ಲಿನಕ್ಸ್, ಲಿನಕ್ಸಿನಲ್ಲಿ ಸ್ವಂತ ಮೇಲ್ ಸರ್ವರ್. ಇಡೀ ಕೂಟಗಲ್‌ನಲ್ಲಿ ಇ-ಮೇಲ್ ವಿಳಾಸ ಇದ್ದದ್ದು ಇವನೊಬ್ಬನಿಗೆ. ಆ ಒಬ್ಬನಿಗಾಗಿ ಮನೆಯಲ್ಲೊಂದು ಅಂಚೆ ಕಚೇರಿ. ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನು ಅವನು ಎಂದೂ ಹಾಕಿದವನಲ್ಲ, ದಿನಾ ಬಿಚ್ಚುವುದು ಇದ್ದೇ ಇತ್ತು. ಬಿಸಿಯಾಗಬಾರದೆಂದು ಹಿಂಬದಿಗೆ ದೊಡ್ಡ ಫ್ಯಾನ್ ಕೂರಿಸಿದ್ದ. ಅದು ನಿಂತರೆ ಯಂತ್ರ ತಾನೇ ಒಂದು ಮೇಲ್ ಬರೆದು ರಾಮನಗರದ ಅವನ ಆಫೀಸಿಗೆ ಕಳಿಸುತ್ತಿತ್ತು.

ಮೊದಲ ಸಲ ಹೊಸ ಫ್ಯಾನ್ ತಂದ. ಎರಡನೆಯ ಸಲ ತಂತಿಯನ್ನು ದಾರದಿಂದ ಬಿಗಿದು ಕಟ್ಟಿದ. ಈಗ ದಾರವೂ ಹರಿದು, ತಂತಿ ಕಿತ್ತು ನೇತಾಡುತ್ತಿತ್ತು. ದಾರ ತಾನಾಗಿ ಹರಿಯುವುದಿಲ್ಲ.

ಶ್ವೇತಳನ್ನು ಕೇಳಿದ. ಹೆಂಡತಿ ಆ ಪೆಟ್ಟಿಗೆಯ ಧೂಳು ಕೂಡ ಮುಟ್ಟುವವಳಲ್ಲ. ಕಳೆದ ವಾರ ರೇಷ್ಮೆಯ ಮರಿಹುಳಗಳ ತಟ್ಟೆಗಳನ್ನು ಬೆಚ್ಚಗಿರಲೆಂದು ಅದರ ಹಿಂದೆ ತಂದಿಟ್ಟಿದ್ದಳು, ಅಷ್ಟೇ.

ಮಾರನೆಯ ದಿನ ಆಫೀಸಿನಲ್ಲಿ ಮೂರೂ ಮೇಲ್‌ಗಳನ್ನು ತೆರೆದ. ಮೂರೂ ಸಂಜೆ ಆರಕ್ಕೆ ಬಂದವು. ಇಷ್ಟು ದಿನ ಅದನ್ನೇ ನಂಬಿ, ಶ್ವೇತ ಮನೆಯಲ್ಲಿರುವ ಹೊತ್ತು, ಹೊರಗಿನವರು ಬರಲಾರರು, ಯಂತ್ರದ್ದೇ ದೋಷ ಎಂದುಕೊಂಡಿದ್ದ. ಈಗ ಯಾರೂ ಓದದ ತಲೆಬರಹದ ಸಾಲುಗಳನ್ನು ಓದಿದ. ಆರು ಗಂಟೆ ಎಂಬುದು ಮನೆಯ ಯಂತ್ರ ದಿನಕ್ಕೊಮ್ಮೆ ಫೋನ್ ಲೈನ್ ಹಿಡಿದು, ಸಾಲಿನಲ್ಲಿ ಕಾದಿದ್ದ ಮೇಲ್‌ಗಳನ್ನು ಬಿಡುವ ಹೊತ್ತು. ಅವು ಬರೆಯಲ್ಪಟ್ಟ ಹೊತ್ತು ಬೇರೆಯೇ ಇತ್ತು. ಹನ್ನೊಂದು ಹತ್ತು. ಹನ್ನೊಂದು ಐದು. ಮತ್ತೆ ಹನ್ನೊಂದು ಹತ್ತು.

ಹನ್ನೊಂದಕ್ಕೆ ಶ್ವೇತ ಹಿಪ್ಪುನೇರಳೆ ತೋಟದಲ್ಲಿರುತ್ತಾಳೆ. ಮನೆಯಲ್ಲಿರುವುದು ಅಪ್ಪ ಒಬ್ಬನೇ.

ಅಪ್ಪ ಗಂಗಹನುಮಯ್ಯ ಒಂದು ಕಾಲದಲ್ಲಿ ಸುತ್ತಲ ಊರುಗಳಲ್ಲಿ ಹುಳಕ್ಕೆ ಕಾಯಿಲೆ ಬಂದರೆ ಜನ ಹುಡುಕಿಕೊಂಡು ಬರುತ್ತಿದ್ದ ಆಸಾಮಿ. ಹನ್ನೊಂದು ತಿಂಗಳ ಹಿಂದೆ ಲಕ್ವ ಹೊಡೆದು ಎಡಭಾಗವೂ ಮಾತೂ ಹೋದವು. ಇನ್ನು ಏಳುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಹುಳದ ಕೋಣೆಯ ಬಾಗಿಲಿಗೆ ಎದುರಾಗಿ ಮಂಚ; ದಿನವಿಡೀ ಅತ್ತಲೇ ನೋಟ. ಈ ವಾರವಂತೂ ಆ ಕಡೆಗೇ ಕಣ್ಣರಳಿಸಿ ಏನೋ ಹೇಳಲು ಒದ್ದಾಡುತ್ತಿದ್ದ. ಹೆದರಿದ್ದಾನೆ ಎಂಬುದು ಸ್ವಾಮಿಗೆ ಈಗ ಹೊಳೆಯಿತು.

ಬಿಡದಿಯಿಂದೀಚೆಗೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಬ್ರೋಕರ್ ಚಲುವಯ್ಯ ಅಪ್ಪನ ಹೆಸರಿನಲ್ಲಿದ್ದ ತೋಟದ ಮೇಲೆ ಕಣ್ಣಿಟ್ಟಿದ್ದ. ಅಪ್ಪ ಮಾತು ಬರುವಾಗಲೇ ಆಗುವುದಿಲ್ಲ ಎಂದಿದ್ದ. ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಚಲುವಯ್ಯ ಸ್ವಾಮಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ:

"ನಿಮ್ಮಪ್ಪನ್ನ ಒಪ್ಪಿಸೋದು ನಂಗೆ ಬುಡು ಕಣ್ಲಾ. ನೀನು ಒಸಿ ಸುಮ್ಕಿರು."

ಸ್ವಾಮಿ ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟ. ಅಪ್ಪನ ಬಲಗೈ ಬಿಡಿಸಿ ನೋಡಿದ. ಹೆಬ್ಬೆರಳ ತುದಿಯಲ್ಲಿ ಕಪ್ಪು ಮಸಿ. ಹುಳಕ್ಕೆ ಹೊರಗಿನ ಸೋಂಕು ತಗಲದಿರಲೆಂದು ಕೋಣೆಯ ಹೊಸ್ತಿಲಿಗೆ ಎರಚಿದ್ದ ಸುಣ್ಣದ ಪುಡಿಯಲ್ಲಿ ಗಂಡಸಿನ ಬರಿಗಾಲಿನ ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ ಇರಬೇಕಾದ ಕಡೆ ಉದ್ದಕ್ಕೆ ಒರೆಸಿದ ಗುರುತು.

ಬಂದವನು ತಂತಿ ಯಾಕೆ ಕಿತ್ತ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಆ ಪೆಟ್ಟಿಗೆ ಮನೆಯಲ್ಲಿ ನಡೆದದ್ದನ್ನೆಲ್ಲ ನೋಡಿ ಬರೆದಿಡುತ್ತದೆ ಎಂದು ಅರ್ಧ ಊರು ನಂಬಿತ್ತು. ಊರಿನವರ ಮುಂದೆ ಹಾಗೆ ಜಂಬ ಕೊಚ್ಚಿದವನು ಇವನೇ.

ಶ್ವೇತ ಒಪ್ಪಲಿಲ್ಲ. "ಹುಳ ಇರೋ ಮನೆಗೆ ನೆಂಟರೇ ಕಾಲಿಕ್ಕಲ್ಲ. ಇನ್ ಯಾವನ್ ಬತ್ತಾನೆ?"

"ಹೆಬ್ಬೆಟ್ಟು ಒತ್ತಿಸ್ಕೊಂಡವ್ರೆ ಕಣೆ. ಇನ್ ಅಪ್ಪ ಬದುಕಿದ್ರೆ ಅವ್ರಿಗೇ ತೊಂದ್ರೆ."

ಹೇಳಿದ ಮೇಲೆ ಇಬ್ಬರಿಗೂ ಭಯವಾಯಿತು. ಕೂಗಲೂ ಆಗದ ಮುದುಕನ ಮುಖದ ಮೇಲೆ ಒಂದು ದಿಂಬು ಒತ್ತಿದರೆ ಸಾಕು, ಯಾರೂ ಕೇಳುವುದೇ ಇಲ್ಲ. ಸ್ವಾಮಿ ಫ್ಯಾನಿನ ತಂತಿಯನ್ನು ಮತ್ತೆ ಸಿಕ್ಕಿಸಿದ. ಬರುವವನು ಬರಲಿ ಎಂದುಕೊಂಡ.

ಮರುದಿನ ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಟವನು ಹಿತ್ತಿಲಿನಿಂದ ನುಸುಳಿ, ಹುಳದ ಕೋಣೆಗೆ ಅಂಟಿಕೊಂಡ ಸೊಪ್ಪಿನ ಕೋಣೆಯಲ್ಲಿ ಅಡಗಿದ. ಕೈಯಲ್ಲಿ ಕುಡುಗೋಲು. ಬಾಗಿಲ ಸಂದಿಯಲ್ಲಿ ಯಂತ್ರ, ತಟ್ಟೆಗಳು, ಹೊಸ್ತಿಲು ಕಾಣುತ್ತಿದ್ದವು. ಮಂಚ ಮಾತ್ರ ಗೋಡೆಯ ಮರೆಗೆ ಬಿದ್ದಿತ್ತು. ಶ್ವೇತ ಮುಂಬಾಗಿಲು ಎಳೆದುಕೊಂಡು ತೋಟಕ್ಕೆ ಹೋದಳು.

ಹತ್ತೂವರೆ. ಹನ್ನೊಂದು. ಬೀದಿಯ ನಾಯಿ ಬೊಗಳಲಿಲ್ಲ. ಸದಾ ಕಿರುಗುಡುವ ಮುಂಬಾಗಿಲು ಕಿರುಗುಡಲಿಲ್ಲ. ಇವತ್ತು ಬರುವುದಿಲ್ಲವೇನೋ ಎಂದು ಸ್ವಾಮಿ ಉಸಿರು ಬಿಟ್ಟ.

ಆಗ ಸದ್ದಾಯಿತು. ಬಂದದ್ದು ಹೊರಗಿನಿಂದಲ್ಲ, ಮನೆಯೊಳಗಿನಿಂದ. ಏನನ್ನೋ ನೆಲದ ಮೇಲೆ ಎಳೆದ ಹಾಗೆ. ನಿಂತಿತು, ಮತ್ತೆ ಎಳೆಯಿತು. ಅವನು ಮೊದಲೇ ಒಳಗಿದ್ದಾನೆ. ಅಪ್ಪನನ್ನು ಮಂಚದಿಂದ ಕೆಳಗೆಳೆದಿದ್ದಾನೆ. ಹೊರಗೆ ನುಗ್ಗಬೇಕೆನ್ನುವಷ್ಟರಲ್ಲಿ ಹುಳದ ಕೋಣೆಯ ಬಾಗಿಲ ಚೌಕಟ್ಟನ್ನು ಒಂದು ಕೈ ಬಂದು ಹಿಡಿಯಿತು. ಸ್ವಾಮಿ ಕುಡುಗೋಲು ಎತ್ತಿದ.

ಕಾಲೆಳೆಯುತ್ತಾ ಹೊಸ್ತಿಲು ದಾಟಿ ಬಂದದ್ದು ಅಪ್ಪ. ಎಳೇ ಹುಳಗಳ ಸೊಪ್ಪು ಒಣಗಿಸುತ್ತಿದ್ದ ಫ್ಯಾನಿನ ಗಾಳಿಯನ್ನು ಇನ್ನೊಂದು ಗಳಿಗೆ ಮಲಗಿ ನೋಡಲಾರದೆ, ಡಾಕ್ಟರರ ಮಾತು ಮೀರಿ, ಮಸಿ ಹಿಡಿದ ಆ ತಂತಿ ಕೀಳಲು ನಾಲ್ಕನೆಯ ಸಲ ಎದ್ದಿದ್ದ.